ಎಮ್ಮೆಗುಂಟೆ ಚೀಜು

ಬಂಗಾರಪೇಟೆಗೆ ಎರಡು ಮೈಲಿ ದೂರದ ಎಮ್ಮೆಗುಂಟೆಯ ಮುನಿಸ್ವಾಮಪ್ಪನಿಗೆ ಈ ಜಗತ್ತಿನಲ್ಲಿ ಗೊತ್ತಿಲ್ಲದ ವಿಷಯ ಅಂತ ಒಂದೂ ಇರಲಿಲ್ಲ. ಇದ್ದರೂ ಅದು ಅವನಿಗೆ ಗೊತ್ತಿರಲಿಲ್ಲ.

ನಾಲ್ಕು ಎಮ್ಮೆ, ಎರಡು ಹಸು ಕರೆದ ಹಾಲನ್ನು ಕ್ಯಾನುಗಳಿಗೆ ತುಂಬಿ, ಸೈಕಲ್ಲಿಗೆ ಬಿಗಿದು, ಬಂಗಾರಪೇಟೆಯಲ್ಲಿ ಸೈಕಲ್ ಸಮೇತ ಬೆಳಗಿನ ರೈಲು ಹತ್ತಿ ಊರಿಗಾಂನಲ್ಲಿ ಇಳಿದು ಚಿನ್ನದ ಗಣಿಯ ಬಂಗಲೆಗಳಿಗೆಲ್ಲ ಹಾಲು ಹಾಕಿ ಬರುವುದು ಅವನ ಕಸುಬು. ಆ ಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ಅವನು ಇಂಜಿನ್ ಡ್ರೈವರಿಗೆ ಆವಿಯ ವಿಚಾರವನ್ನೂ, ಕೋರ್ಟಿಗೆ ಹೊರಟ ವಕೀಲರಿಗೆ ಕಾನೂನಿನ ವಿಚಾರವನ್ನೂ, ಬಾಣಂತಿಯರಿಗೆ ಬಾಣಂತನದ ವಿಚಾರವನ್ನೂ ತಿಳಿಸಿ ಹೇಳುತ್ತಿದ್ದ. ಯಾರಾದರೂ ಎದುರು ಮಾತಾಡಿದರೆ, "ನಾನು ದೊರೆಗೋಳ ಮನೇಗೆ ಓಗಿ ಬರೋನು ಕಣಯ್ಯಾ" ಅನ್ನುತ್ತಿದ್ದ. ಹೋಗಿ ಬರುತ್ತಿದ್ದುದು ಹಿತ್ತಿಲ ಬಾಗಿಲಿಗೆ ಎಂಬುದನ್ನು ಹೇಳುವಷ್ಟು ಹೊತ್ತಿಗೆ ಸ್ಟೇಷನ್ನು ಬಂದುಬಿಡುತ್ತಿತ್ತು.

ಗಣಿಗಳು ಸರ್ಕಾರದ ಕೈಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ದೊರೆಗಳು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟಿಕೊಂಡು ಹಡಗು ಹತ್ತಿದ್ದರು. ಉಳಿದಿದ್ದವರಲ್ಲಿ ಪಾಸ್ಕೋ ದೊರೆ ಒಬ್ಬ. ಮೂವತ್ತು ವರ್ಷದಿಂದ ಇಲ್ಲೇ ಇಂಜಿನಿಯರಾಗಿದ್ದ ಅವನು ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಕ್ಲಬ್ಬಿನ ಕಾರ್ಯದರ್ಶಿಯೂ ಅವನೇ. ಅವನ ಅಡುಗೆ ಮನೆಯನ್ನು ಇಪ್ಪತ್ತು ವರ್ಷದಿಂದ ಆಳುತ್ತಿದ್ದವನು ಬಟ್ಲರ್ ಕುಪ್ಪುಸ್ವಾಮಿ.

ಅಕ್ಟೋಬರಿನ ಒಂದು ಬೆಳಿಗ್ಗೆ ಮುನಿಸ್ವಾಮಪ್ಪ ಹಾಲು ತಂದಾಗ ಕುಪ್ಪುಸ್ವಾಮಿ ಹಿತ್ತಿಲ ಮೆಟ್ಟಿಲ ಮೇಲೆ ಒಂದು ಖಾಲಿ ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ.

"ಯಾಕಣ್ಣಾ, ಯಾರಾದ್ರೂ ಓಗ್ಬುಟ್ರಾ?"

"ಚೀಜು ತೀರ್ಂದುಪೋಚ್ಚಪ್ಪಾ," ಅಂದ ಕುಪ್ಪುಸ್ವಾಮಿ, ಜಾಡಿಯನ್ನು ನೇವರಿಸುತ್ತ. "ಇದೇ ಕಡೇ ಜಾಡಿ. ಇನ್ಮೇಲೆ ಸೀಮೆಯಿಂದ ಹಡಗಲ್ಲಿ ಬರಲ್ಲ. ಗೌರ್ಮೆಂಟು ಬೇಡ ಅಂದ್ಬುಡ್ತು. ಕ್ರಿಸ್ಮಸ್ಸಿಗೆ ಕ್ಲಬ್ಬಲ್ಲಿ ದೊಡ್ಡ ಡಿನ್ನರು. ಕಡೇಲಿ ಚೀಜು ಇಲ್ದೆ ದೊರೆ ಯಾವ ಮುಖ ಇಟ್ಕೊಂಡು ಎದ್ದೇಳ್ತಾರೆ, ಚೊಲ್ಲು?"

ಇಷ್ಟು ವರ್ಷ ಆ ಜಾಡಿಯಿಂದ ಬರುತ್ತಿದ್ದ ವಾಸನೆಗೆ ಮುನಿಸ್ವಾಮಪ್ಪ ಅದನ್ನು ದೊರೆಯ ಕಾಲಿನ ಹುಣ್ಣಿಗೆ ಹಚ್ಚುವ ಮುಲಾಮು ಎಂದುಕೊಂಡಿದ್ದ. ಅದು ತಿನ್ನುವ ವಸ್ತು ಎಂಬುದೇ ಅವನಿಗೆ ಆಗ ತಿಳಿದದ್ದು. ಬೇರೆ ಯಾರಾದರೂ ಆಗಿದ್ದರೆ ಆಶ್ಚರ್ಯ ಪಡುತ್ತಿದ್ದರು.

"ಅದ್ನ ಯಾತ್ರಲ್ಲಿ ಮಾಡೋದು?" ಅಂದ.

"ಹಾಲಲ್ಲಿ."

ಆ ಒಂದು ಮಾತು ಸಾಕಾಯಿತು. "ಆಲಲ್ಲಾ! ಅದುಕ್ಕಾ ಇಷ್ಟು ಗೋಳು? ನಮ್ಮನೇಲಿ ದಿನಾ ಮಾಡ್ತೀವಲ್ಲಣ್ಣಾ!"

ಅವನ ಗ್ರಹಚಾರಕ್ಕೆ ಪಾಸ್ಕೋ ದೊರೆ ಬಿಸಿನೀರು ಕೇಳಲು ಅದೇ ಹೊತ್ತಿಗೆ ಹಿಂದೆ ಬಂದು ನಿಂತಿದ್ದ. ದೊರೆಗೆ ಕನ್ನಡ, ತಮಿಳು ಎರಡೂ ಬರುತ್ತಿದ್ದವು. ಎರಡೂ ಒಟ್ಟಿಗೇ ಬರುತ್ತಿದ್ದವು ಅಷ್ಟೆ.

"ಮುನ್ಸಾಮಿ, ನೀನು ಚೀಜು ಮಾಡ್ತಾನೆ?"

"ಮಾಡ್ತೀನಿ ದೊರೆ."

"ಸ್ಟಿಲ್ಟನ್? ಚೆಡ್ಡರ್?"

ಮುನಿಸ್ವಾಮಪ್ಪ ಒಂದು ಗಳಿಗೆಯೂ ತಡೆಯಲಿಲ್ಲ. "ಎರಡೂವೇ ದೊರೆ."

ದೊರೆ ಅವನ ಕೈ ಕುಲುಕಿದ. ಹಾಲಿನವನ ಕೈಯನ್ನು ದೊರೆ ಕುಲುಕಿದ್ದು ಊರಿಗಾಂನಲ್ಲಿ ಅದೇ ಮೊದಲು. ಆ ಕೈಯನ್ನು ಮುನಿಸ್ವಾಮಪ್ಪ ಬಂಗಾರಪೇಟೆ ತಲುಪುವವರೆಗೆ ಸೈಕಲ್ ಹ್ಯಾಂಡಲ್ಲಿಗೂ ತಾಗಿಸಲಿಲ್ಲ.

ಮಾರನೆಯ ದಿನ ಬಂಗಲೆಯ ಮೆಟ್ಟಿಲ ಮೇಲೆ ಪಾಠ ನಡೆಯಿತು. ಕುಪ್ಪುಸ್ವಾಮಿಗೆ ಚೀಜನ್ನು ಕತ್ತರಿಸಿ, ತಟ್ಟೆಯಲ್ಲಿಟ್ಟು, ಬಗ್ಗಿ ಕೊಟ್ಟು ಗೊತ್ತಿತ್ತೇ ಹೊರತು ಮಾಡುವುದನ್ನು ಅವನು ಕಂಡವನಲ್ಲ. ಆದರೆ ಮೂವತ್ತು ದೊರೆಗಳ ಮೇಜಿನ ಹಿಂದೆ ನಿಂತು ಅವರ ಮಾತೆಲ್ಲ ಕೇಳಿಸಿಕೊಂಡಿದ್ದ.

"ಕೇಳಪ್ಪಾ. ಚೆಡ್ಡರ್ ಅನ್ನೋದು ಒಂದು ಊರು. ಅಲ್ಲಿ ಮಾಡಿದ್ದು ಹಳದಿ ಬಣ್ಣ, ಗಟ್ಟಿ, ತಿಂದ್ರೆ ಹುರಿದ ಗೋಡಂಬಿ ತರ ಕೊನೇಲಿ ಒಂದು ರುಚಿ ಬರುತ್ತೆ. ಸ್ಟಿಲ್ಟನ್ ಅನ್ನೋದೂ ಊರೇ. ಆದ್ರೆ ಅದನ್ನ ಆ ಊರಲ್ಲಿ ಮಾಡ್ತಿರ್ಲಿಲ್ಲ, ಮಾರ್ತಿದ್ರು ಅಷ್ಟೇ. ಅದ್ರ ಒಳಗೆ ನೀಲಿ ನರ ಇರುತ್ತೆ. ಫ್ರಾನ್ಸ್ ದೇಶದಲ್ಲಿ ಒಂದು ಮೆತ್ತಗಿರೋದು, ಬೆಳ್ಳಗೆ ಚರ್ಮ, ಅಣಬೆ ವಾಸ್ನೆ. ಸ್ವಿಸ್ ದೇಶದ್ದು ಗಾಡಿ ಚಕ್ರದಷ್ಟು, ಒಳಗೆಲ್ಲಾ ತೂತು. ಇಟಲಿ ದೇಶದ್ದು ಕಲ್ಲು. ತುರಿಯೋ ಮಣೆ ಮೇಲೆ ತುರೀಬೇಕು. ಅಪ್ಪ ಮಾಡಿಟ್ಟಿದ್ದನ್ನ ಮಗ ತಿಂತಾನೆ."

"ನೀಲಿ ನರ ಅಂದ್ರೆ?"

"ಬೂಷ್ಟು."

"ಬೂಷ್ಟು ಬಂದಿದ್ದನ್ನ ತಿಂತಾರಾ?"

"ಬೂಷ್ಟು ಬರ್ಲಿಲ್ಲಾಂದ್ರೆ ವಾಪಸ್ ಕಳಿಸ್ತಾರೆ," ಅಂದ ಕುಪ್ಪುಸ್ವಾಮಿ ಗಂಭೀರವಾಗಿ. "ಅದಕ್ಕೂ ಒಂದು ಕತೆ ಐತೆ. ಅದೇ ಫ್ರಾನ್ಸಲ್ಲಿ ಒಬ್ಬ ಕುರಿ ಕಾಯೋನು ಗುಹೇಲಿ ಊಟ ಮಾಡ್ತಾ ಕೂತಿದ್ನಂತೆ. ಬ್ರೆಡ್ಡು, ಚೀಜು. ಒಂದು ಹುಡುಗಿ ಹೋಗೋದು ಕಂಡು ಊಟ ಬಿಟ್ಟು ಅವಳ ಹಿಂದೆ ಓಡಿದ್ನಂತೆ. ತಿಂಗಳುಗಟ್ಟಲೆ ಆದ್ಮೇಲೆ ವಾಪಸ್ ಬಂದು ನೋಡಿದ್ರೆ ಬ್ರೆಡ್ಡಿನ ಬೂಷ್ಟು ಚೀಜಿಗೆ ಹತ್ತಿತ್ತು. ಹಸಿವು, ತಿಂದ. ಅಮೃತಂ! ಈಗ್ಲೂ ಆ ಚೀಜನ್ನ ಗುಹೇಲೇ ಇಡ್ತಾರೆ."

ಮುನಿಸ್ವಾಮಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಎಮ್ಮೆಗುಂಟೆ ತಲುಪುವಷ್ಟರಲ್ಲಿ ಎಲ್ಲವೂ ಅವನ ತಲೆಯಲ್ಲಿ ಕಲಸಿ ಒಂದೇ ಮುದ್ದೆಯಾಗಿತ್ತು. ಇಂಗ್ಲೆಂಡಿನ ಬಣ್ಣ, ಇಟಲಿಯ ಗಟ್ಟಿತನ, ಸ್ವಿಸ್ ದೇಶದ ತೂತು, ಫ್ರಾನ್ಸಿನ ಬೂಷ್ಟು, ನಾಲ್ಕೂ ಇರುವ ಒಂದೇ ಚೀಜನ್ನು ಮಾಡುವುದೆಂದು ಅವನು ತೀರ್ಮಾನಿಸಿದ. ಯುರೋಪಿನಲ್ಲಿ ಯಾರಿಗೂ ಹೊಳೆಯದ ಉಪಾಯ ಅದು. ಹೊಳೆಯದೆ ಇದ್ದುದಕ್ಕೆ ಕಾರಣ ಇದ್ದಿರಬೇಕು.

ಅವನ ಹೆಂಡತಿ ಚಿಕ್ಕವೆಂಕಟಮ್ಮ ಮಾತು ಕಡಿಮೆ, ಕೆಲಸ ಜಾಸ್ತಿ ಎನ್ನುವ ಹೆಂಗಸು. ಎರಡು ದಿನದ ಹಾಲು ದೊಡ್ಡ ಕೊಳದಪ್ಪಲೆಯಲ್ಲಿ ಕುದಿಯುತ್ತಿದ್ದುದನ್ನೂ, ಗಂಡ ಅದಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದುದನ್ನೂ ಸುಮ್ಮನೆ ನೋಡಿದಳು. ಒಡೆದ ಹಾಲಿಗೆ ಉಪ್ಪು, ಬಣ್ಣಕ್ಕೆ ಅರಿಶಿನ ಕಲಸಿ, ತನ್ನ ಹಳೆಯ ಸೀರೆಯಲ್ಲಿ ಕಟ್ಟಿ, ಅದರ ಮೇಲೆ ಒರಳುಕಲ್ಲು ಹೇರಿದಾಗಲೂ ಸುಮ್ಮನಿದ್ದಳು. ಅವನು ಗೂಡಿನಿಂದ ಬಟ್ಟೆಗೆ ಹಾಕುವ ನೀಲಿಯ ಪೊಟ್ಟಣ ತೆಗೆದಾಗ ಮಾತ್ರ ಬಾಯಿ ಬಿಟ್ಟಳು.

"ಅದ್ಯಾತಕ್ಕೆ?"

"ನೀಲಿ ನರಕ್ಕೆ."

"ತಿಂದೋರ ಒಟ್ಟೆ ಬೆಳ್ಳಗಾಗ್ಲಿ ಅಂತಾನಾ? ಇಡು ಅತ್ಲಾಗೆ!"

ನೀಲಿ ಹೋಯಿತು. ಅದರ ಬದಲಿಗೆ ಅವನು ಬಂಗಾರಪೇಟೆ ಬೇಕರಿಯಲ್ಲಿ ಮೂಲೆಗೆ ಬಿದ್ದಿದ್ದ, ಹಸಿರು ಗಡ್ಡ ಬೆಳೆದ ಎರಡು ಬನ್ನುಗಳನ್ನು ಕೇಳಿ ತಂದ. ಬೇಕರಿಯವನು ಬೇಡ ಬೇಡವೆಂದರೂ ಆರಿಸಿ, ಹೆಚ್ಚು ಬೂಷ್ಟು ಇದ್ದದ್ದನ್ನೇ ತಂದ. ದಬ್ಬಳದಿಂದ ಚೀಜಿಗೆ ನಾಲ್ಕೂ ಕಡೆ ಚುಚ್ಚಿ ತೂತು ಮಾಡಿ, ಬನ್ನಿನ ಪುಡಿ ತುಂಬಿದ. ಮಂಚದ ಕೆಳಗೆ ಗೋಣಿ ಹಾಸಿ ಮಲಗಿಸಿದ.

ಹತ್ತು ದಿನ ಏನೂ ಆಗಲಿಲ್ಲ. ಹನ್ನೊಂದನೆಯ ದಿನ ಚೀಜು ಎಚ್ಚರವಾಯಿತು.

ಮೊದಲು ಬೆಕ್ಕು ಮನೆ ಬಿಟ್ಟಿತು. ಆಮೇಲೆ ಎಮ್ಮೆಗಳು ಮನೆಯ ಕಡೆ ಮುಖ ಮಾಡಿ ಕಟ್ಟಿದರೆ ಕೆಚ್ಚಲಿಗೆ ಹಾಲು ಸೊರ ಬಿಡುವುದನ್ನು ನಿಲ್ಲಿಸಿದವು. ಹದಿಮೂರನೆಯ ದಿನ ಪಕ್ಕದ ಮನೆಯ ಗಂಗರತ್ನಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆಯ ಮೇಲಿಂದ ಕೂಗಿದಳು.

"ಎಂಕಟಮ್ಮಕ್ಕಾ! ನಿಮ್ಮನೇಲಿ ಏನು ಸತ್ತೈತೆ? ವಾಸ್ನೆಗೆ ನಮ್ಮತ್ತೇನೇ ಓಗ್ಬುಟ್ಳೇನೋ ಅಂತ ನಾನು ಬಾಯಿ ಬಡ್ಕೊಂಡು ಅತ್ಬುಟ್ಟೆ. ನೆಂಟರಿಗೆಲ್ಲಾ ಯೋಳಿ ಕಳ್ಸಿದ್ಮೇಲೆ ಎದ್ದು ಕೂತ್ಕೊಂಡು ಕಾಪಿ ಕೇಳ್ತಾವ್ಳೆ! ಈಗ ಬಂದ ನೆಂಟರಿಗೆ ನಾನೇನು ಯೋಳ್ಲಿ?"

ಬಂದ ನೆಂಟರು ಊಟ ಮಾಡಿಕೊಂಡು ಹೋದರು. ಗಂಗರತ್ನಮ್ಮನ ಅತ್ತೆ ಮಾತ್ರ, ತಾನು ಸತ್ತಾಗ ಸೊಸೆ ಅತ್ತದ್ದು ಸಾಲದು ಅಂತ ಮುನಿಸಿಕೊಂಡು ಮಗಳ ಮನೆಗೆ ಹೊರಟುಹೋದಳು. ಆ ಒಂದು ಉಪಕಾರಕ್ಕಾಗಿ ಗಂಗರತ್ನಮ್ಮ ಪಂಚಾಯ್ತಿಗೆ ಹೋಗುವುದನ್ನು ಕೈಬಿಟ್ಟಳು. ಚಿಕ್ಕವೆಂಕಟಮ್ಮ ಕೈಬಿಡಲಿಲ್ಲ.

"ಈ ಮನೇಲಿ ಅದಾದ್ರೂ ಇರ್ಬೇಕು, ನಾನಾದ್ರೂ ಇರ್ಬೇಕು," ಅಂದಳು.

ಮುನಿಸ್ವಾಮಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಅಷ್ಟು ಹೊತ್ತು ಯೋಚನೆ ಮಾಡಿದ್ದು ತಪ್ಪಾಯಿತೆಂದು ಹೆಂಡತಿಯ ಮುಖ ನೋಡಿದ ಮೇಲೆ ಅವನಿಗೆ ಗೊತ್ತಾಯಿತು.

ಆಗ ಅವನಿಗೆ ಗುಹೆ ನೆನಪಾಯಿತು. ಬಂಗಾರಪೇಟೆ ತಾಲ್ಲೂಕಿನಲ್ಲಿ ಗುಹೆಗೆ ಏನು ಬರ? ಊರಿಗಾಂನ ಕೆಳಗೆ ಮೈಲಿಗಟ್ಟಲೆ ಗುಹೆಯೇ. ಅದೂ ಅಲ್ಲದೆ ಹೆಂಡತಿಯ ತಮ್ಮ ಆಂಜಿನಪ್ಪ ಅಲ್ಲೇ ಗಣಿಯೊಳಗೆ ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದಾನೆ.

ಆಂಜಿನಪ್ಪ ಒಳ್ಳೆಯ ಹುಡುಗ, ಹೊಸದಾಗಿ ಮದುವೆಯಾದವನು, ಗಣಿಯ ಕೂಲಿಗಳ ಲೈನಿನಲ್ಲಿ ಒಂದು ಕೋಣೆಯ ಮನೆ. ಬಾವ ಗೋಣಿಯಲ್ಲಿ ಸುತ್ತಿದ ಗಂಟು ತಂದು ಮುಂದಿಟ್ಟಾಗ ಅವನ ಹೆಂಡತಿ ನೀರು ತರುವ ನೆಪದಲ್ಲಿ ಹೊರಗೆ ಹೋದವಳು ಬಾವ ಹೋಗುವವರೆಗೆ ಬರಲಿಲ್ಲ.

"ಮ್ಯಾಲಿನ ಅಳೇ ಲೆವೆಲ್ಲೊಂದೈತೆ ಬಾವ," ಅಂದ ಆಂಜಿನಪ್ಪ ಉಸಿರು ಹಿಡಿದುಕೊಂಡೇ. "ಅಲ್ಲಿ ಈಗ ಯಾರೂ ಕೆಲ್ಸ ಮಾಡಲ್ಲ. ತಣ್ಣಗೈತೆ, ನೀರು ಜಿನುಗ್ತೈತೆ. ಒಳೀಕೆ ತಕ್ಕೊಂಡೋಗಾಕೆ ಯಾರೂ ಕೇಳಲ್ಲ. ಈಚೆ ತರೋವಾಗ್ಲೇ ಕಷ್ಟ. ನಮ್ಮ ಚಡ್ಡಿ ಲಾಡೀನೂ ಬಿಚ್ಚಿ ನೋಡ್ತಾರೆ."

"ನೋಡ್ಲಿ ಬಿಡ್ಲಾ! ಚಿನ್ನ ಏನು ಕದೀತಿದ್ದೀವಾ? ಇದು ದೊರೆ ಮಾಲು ಕಣ್ಲಾ! ದಿನಾ ಒಂದ್ಸಲ ಓಗಿ ಮಗ್ಗಲು ತಿರುಗ್ಸಿ, ಮೈಗೆ ಉಪ್ಪು ಒರೆಸ್ಬೇಕು. ಮಗೂನ ನೋಡ್ಕೊಂಡಂಗೆ ನೋಡ್ಕೋಬೇಕು."

ಹೀಗೆ ಎಮ್ಮೆಗುಂಟೆ ಚೀಜು ಊಟದ ಬುಟ್ಟಿಯಲ್ಲಿ ಕೂತು, ಆಳುಗಳು ಹೋಗಿಬರುವ ಗಣಿಯ ಪಂಜರದಲ್ಲಿ ಭೂಮಿಯ ಕೆಳಗೆ ಇಳಿಯಿತು. ಚಿನ್ನದ ಗಣಿಯಲ್ಲಿ ಹೊರಗಿನಿಂದ ಒಳಕ್ಕೆ ಬೆಲೆಬಾಳುವ ವಸ್ತುವನ್ನು ಕದ್ದು ಸಾಗಿಸಿದ್ದು ಅದೊಂದೇ ಸಲ ಇರಬೇಕು.

ಆಂಜಿನಪ್ಪ ಬಾವನ ಮಾತನ್ನು ಚಾಚೂ ತಪ್ಪದೆ ನಡೆಸಿದ. ದಿನವೂ ಊಟದ ಹೊತ್ತಿಗೆ ಯಾರಿಗೂ ಕಾಣದ ಹಾಗೆ ಹಳೆಯ ಸುರಂಗಕ್ಕೆ ಹೋಗಿ, ಮೇಣದ ಬತ್ತಿ ಹಚ್ಚಿ, ಚೀಜಿನ ಮಗ್ಗಲು ತಿರುಗಿಸಿ, ಉಪ್ಪು ಹಚ್ಚಿ ಬರುತ್ತಿದ್ದ. "ಯಾರಿಗೂ ಕಾಣದ ಹಾಗೆ" ಅನ್ನುವುದು ಅವನ ಭಾವನೆ. ಇಡೀ ಪಾಳಿಗೆ ಅದು ಗೊತ್ತಿತ್ತು. ಆಂಜಿನಪ್ಪನಿಗೆ ಸುರಂಗದಲ್ಲಿ ಚಿನ್ನದ ಎಳೆ ಸಿಕ್ಕಿದೆ ಅಂತ ಒಬ್ಬ ಅಂದ. ಇಲ್ಲ, ಗುಂಡುಕಲ್ಲಿನಷ್ಟು ದೊಡ್ಡ ಚಿನ್ನದ ಉಂಡೆಯೇ ಸಿಕ್ಕಿದೆ, ಅದಕ್ಕೆ ದಿನಾ ಪೂಜೆ ಮಾಡುತ್ತಾನೆ ಅಂತ ಇನ್ನೊಬ್ಬ ಅಂದ. ಈ ಮಾತು ಸುತ್ತಿ ಸುತ್ತಿ ಕಾವಲು ಪಡೆಯ ಇನ್‌ಸ್ಪೆಕ್ಟರ್ ಅಶ್ವತ್ಥಪ್ಪನವರ ಕಿವಿಗೆ ಬಿತ್ತು.

ಅಶ್ವತ್ಥಪ್ಪನವರು ಹನ್ನೆರಡು ವರ್ಷದ ಸರ್ವಿಸಿನಲ್ಲಿ ಒಬ್ಬನೇ ಒಬ್ಬ ಕಳ್ಳನನ್ನೂ ಹಿಡಿದಿರಲಿಲ್ಲ. ಅವರ ಪಾಳಿಯಲ್ಲಿ ಕಳ್ಳರೇ ಬರುತ್ತಿರಲಿಲ್ಲವೋ, ಬಂದವರು ಕಾಣುತ್ತಿರಲಿಲ್ಲವೋ ಎಂಬ ವಿಷಯದಲ್ಲಿ ಎರಡು ಅಭಿಪ್ರಾಯವಿತ್ತು. ಅವರು ಮೀಸೆಗೆ ಎಣ್ಣೆ ಹಚ್ಚಿ ಕಾದರು.

ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ, ಬೆಳಗಿನ ಪಾಳಿ ಮುಗಿದು ಜನ ಮೇಲೆ ಬರುವಾಗ, ಆಂಜಿನಪ್ಪನ ಬುಟ್ಟಿಯ ಮೇಲೆ ಅಶ್ವತ್ಥಪ್ಪನವರ ಲಾಠಿ ಬಿತ್ತು. ಟಣ್ ಎಂದಿತು.

"ಏನಯ್ಯಾ ಇದು?"

"ಚೀಜು ಸಾಮಿ."

ಕೋಲಾರದ ಕಡೆ ಸಾಬರ ಮಾತು ಕೇಳಿ ಬೆಳೆದವರಿಗೆಲ್ಲ ಚೀಜು ಅಂದರೆ ವಸ್ತು, ಪದಾರ್ಥ. ಅಶ್ವತ್ಥಪ್ಪನವರೂ ಹಾಗೆ ಬೆಳೆದವರೇ.

"ಚೀಜು ಅಂತ ನನಗೂ ಕಾಣುತ್ತೆ. ಯಾವ ಚೀಜು?"

"ಚೀಜೇ ಸಾಮಿ."

"ಅಯ್ಯಾ, ಪ್ರತಿಯೊಂದೂ ಚೀಜೇ! ಈ ಲಾಠಿ ಒಂದು ಚೀಜು. ನೀನೊಂದು ಚೀಜು. ನಾನು ಕೇಳ್ತಿರೋದು, ಇದು ಯಾತರ ಚೀಜು?"

"ಎಮ್ಮೇದು ಸಾಮಿ."

"ಎಮ್ಮೆಯ ಯಾವ ಚೀಜು?" ಎಂದು ಕೇಳಿದ ಅಶ್ವತ್ಥಪ್ಪನವರು, ಉತ್ತರ ಬರುವ ಮೊದಲೇ ತಾವೇ ಏನನ್ನೋ ಊಹಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು.

ಬುಟ್ಟಿ ಬಿಚ್ಚಲಾಯಿತು. ಒಳಗೆ ಕಲ್ಲಿನಷ್ಟು ಗಟ್ಟಿಯಾದ, ಹೊರಮೈ ಬೂದಿ ಬಣ್ಣದ, ಗೀರಿದರೆ ಹಳದಿ ಕಾಣುವ, ಹಳದಿಯ ನಡುವೆ ತಾಮ್ರದ ಕಿಲುಬಿನ ಹಾಗೆ ಹಸಿರು ನೀಲಿ ಎಳೆಗಳಿರುವ ಒಂದು ಉಂಡೆ. ವಾಸನೆಯ ವಿಷಯ ಪಂಚನಾಮೆಯಲ್ಲಿ ಬರೆದಿಲ್ಲ. ಬರೆಯಬೇಕಾಗಿದ್ದ ಗುಮಾಸ್ತ ಆ ಹೊತ್ತಿಗೆ ಕಿಟಕಿಯ ಹೊರಗೆ ಇದ್ದ. ಆಂಜಿನಪ್ಪನನ್ನು ಕಾವಲು ಕೋಣೆಯಲ್ಲಿ ಕೂಡಿಸಿದರು. ಚೀಜಿನ ಒಂದು ಚೂರನ್ನು ಅದಿರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕಳಿಸಿದರು.

ಮಾರನೆಯ ಬೆಳಿಗ್ಗೆ ವರದಿ ಬಂತು. ಪ್ರಯೋಗಾಲಯದವರು ಅರ್ಧ ದಿನ ಬಾಗಿಲು ತೆರೆದಿಟ್ಟು ಹೊರಗೆ ನಿಂತಿದ್ದು ಬರೆದದ್ದು: "ಚಿನ್ನ, ಇಲ್ಲ. ಬೆಳ್ಳಿ, ಇಲ್ಲ. ಜೀವ, ಇದೆ."

ಇಷ್ಟಕ್ಕೆ ಸುಮ್ಮನಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಹಿಡಿದ ಕಳ್ಳನನ್ನು ಅಶ್ವತ್ಥಪ್ಪನವರು ಹಾಗೆ ಬಿಟ್ಟುಕೊಡುವವರಲ್ಲ. ಇದು ಮುಂದೆ ಚಿನ್ನವನ್ನು ಒಳಗಿಟ್ಟು ಸಾಗಿಸುವುದಕ್ಕೆ ನಡೆಸಿದ ತಾಲೀಮು ಎಂದು ಅವರು ವಾದಿಸಿದರು. ಅಂದೇ ಬೆಳಿಗ್ಗೆ ಗೇಟಿಗೆ ಒಂದು ಹುಕುಂ ಅಂಟಿಸಿದರು: ವಿಚಾರಣೆ ಮುಗಿಯುವವರೆಗೆ ಹಾಲಿನಿಂದ ಮಾಡಿದ ಯಾವ ಪದಾರ್ಥವನ್ನೂ ಗಣಿಯೊಳಗೆ ಒಯ್ಯತಕ್ಕದ್ದಲ್ಲ.

ಪಾಳಿಗೆ ಬಂದ ಎಂಟುನೂರು ಜನ ಗೇಟಿನಲ್ಲಿ ನಿಂತರು. ಮೊಸರನ್ನವೋ ಮಜ್ಜಿಗೆಯೋ ಇಲ್ಲದ ಬುಟ್ಟಿ ಆ ಎಂಟುನೂರರಲ್ಲಿ ಒಂದೂ ಇರಲಿಲ್ಲ. ಗಣಿಯ ಬೇಗೆಯಲ್ಲಿ ಮಜ್ಜಿಗೆ ಇಲ್ಲದೆ ಮನುಷ್ಯ ಅರ್ಧ ದಿನ ನಿಲ್ಲಲಾರ. ಅವರೆಲ್ಲ ಅಲ್ಲೇ ಕೂತರು. ಕೂಲಿಕಾರರ ಸಂಘದ ಕೋದಂಡಪ್ಪ ಒಂದು ತಳ್ಳುಬಂಡಿಯ ಮೇಲೆ ಹತ್ತಿದ.

"ನಮ್ಮ ನೆತ್ತರು ಕುಡುದ್ರು, ಸುಮ್ಕಿದ್ವಿ! ನಮ್ಮ ಬೆವರು ಕುಡುದ್ರು, ಸುಮ್ಕಿದ್ವಿ! ಈಗ ನಮ್ಮ ಮಜ್ಜಿಗೆಗೆ ಕೈ ಆಕವ್ರೆ!"

"ಮಜ್ಜಿಗೆ!" ಎಂದು ಕೂಗಿತು ಜನ.

"ನಮ್ಮ ಅಕ್ಕು!"

ಹಾಲು ಹಾಕಿ ಮುಗಿಸಿ, ಭಾಮೈದನಿಂದ ಚೀಜು ಇಸಕೊಂಡು ಹೋಗೋಣವೆಂದು ಸೈಕಲ್ ತುಳಿದುಕೊಂಡು ಬಂದ ಮುನಿಸ್ವಾಮಪ್ಪ ಜನ ಕಂಡು ಇಳಿದ. ಏನಾಗಿದೆಯೆಂದು ಗೊತ್ತಿಲ್ಲದಿದ್ದರೂ ಪಕ್ಕದವನಿಗೆ, "ಇದು ನಾನು ಮೊದ್ಲೇ ಯೋಳಿದ್ದೆ" ಅಂದ. ಆಗ ಪಕ್ಕದವನು ಎಲ್ಲವನ್ನೂ ವಿವರಿಸಿದ: ಆಂಜಿನಪ್ಪ ಕಾವಲು ಕೋಣೆಯಲ್ಲಿ, ಕೆಲಸ ಹೋಗುವುದು ಖಂಡಿತ, ಲೈನಿನ ಮನೆಯೂ ಹೋಗುತ್ತದೆ, ಅವನ ಹೆಂಡತಿ ಬೆಳಗಿನಿಂದ ಗೇಟಿನ ಹತ್ತಿರ ಕೂತು ಅಳುತ್ತಿದ್ದಾಳೆ. ಮುನಿಸ್ವಾಮಪ್ಪನ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅವನನ್ನು ಬಲ್ಲವರು ಇದನ್ನು ಕಂಡಿದ್ದರೆ ವೈದ್ಯರಿಗೆ ಹೇಳಿಕಳಿಸುತ್ತಿದ್ದರು.

ಅವನು ಸೈಕಲ್ಲನ್ನು ಅಲ್ಲೇ ಬೀಳಿಸಿ ಜನರ ನಡುವೆ ನುಗ್ಗಿ, ಅಶ್ವತ್ಥಪ್ಪನವರ ಮೇಜಿನ ಮುಂದೆ ನಿಂತ.

"ಸಾಮಿ, ಅದು ನಂದು. ಆ ಉಡುಗಂದಲ್ಲ. ನನ್ನ ಕೂರ್ಸಿ, ಅವನ್ನ ಬಿಡಿ. ಅದು ತಿನ್ನೋ ಪದಾರ್ತ. ದೊರೆಗೆ ಅಂತ ಮಾಡಿದ್ದು."

"ತಿನ್ನೋ ಪದಾರ್ಥ!" ಅಂದರು ಅಶ್ವತ್ಥಪ್ಪನವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು. "ದೊರೆಯೇ ಬಂದು ಎಲ್ಲರ ಮುಂದೆ ತಿನ್ನಲಿ. ಆಗ ನಂಬ್ತೀನಿ."

ದೊರೆಗೆ ಹೇಳಿಕಳಿಸಿದರು. ಪಾಸ್ಕೋ ದೊರೆ ತನ್ನ ಹಳೆಯ ಕಾರಿನಲ್ಲಿ, ಪಕ್ಕದಲ್ಲಿ ಬಿಳಿ ಕೈಗವಸು ತೊಟ್ಟ ಕುಪ್ಪುಸ್ವಾಮಿಯನ್ನು ಕೂರಿಸಿಕೊಂಡು ಬಂದ. ಕುಪ್ಪುಸ್ವಾಮಿ ಬೆಳ್ಳಿ ತಟ್ಟೆ, ಚಾಕು, ಬಿಸ್ಕತ್ತು ಎಲ್ಲ ತಂದಿದ್ದ. ಮೇಜಿಗೆ ಬಟ್ಟೆ ಹಾಸಿದ. ಚೀಜನ್ನು ಕತ್ತರಿಸಲು ಚಾಕು ಆಗಲಿಲ್ಲ. ಒಬ್ಬ ಗಣಿ ಕೆಲಸಗಾರ ಉಳಿ ಸುತ್ತಿಗೆ ಕೊಟ್ಟ. ಮೂರನೆಯ ಏಟಿಗೆ ಅದು ಬಿರಿಯಿತು. ಮುಂದಿನ ಸಾಲಿನ ಜನ ಹಿಂದಿನ ಸಾಲಿಗೆ ಬಂದರು.

ದೊರೆ ಒಂದು ಚೂರನ್ನು ಬಿಸ್ಕತ್ತಿನ ಮೇಲಿಟ್ಟುಕೊಂಡ. ಅದನ್ನು ನೋಡಿದ. ಕಾವಲು ಕೋಣೆಯ ಕಿಟಕಿಯಲ್ಲಿದ್ದ ಆಂಜಿನಪ್ಪನ ಮುಖವನ್ನೂ ನೋಡಿದ. ಬಾಯಿಗೆ ಹಾಕಿಕೊಂಡ.

ಎಂಟುನೂರು ಜನ ಉಸಿರು ಬಿಗಿಹಿಡಿದರು. ಗಾಳಿ ಆ ಕಡೆಯಿಂದಲೇ ಬೀಸುತ್ತಿದ್ದುದರಿಂದ ಹೇಗೂ ಹಿಡಿಯಲೇಬೇಕಾಗಿತ್ತು. ದೊರೆಯ ಮುಖ ಕೆಂಪಾಯಿತು. ಬಿಳಿಯಾಯಿತು. ಕಣ್ಣಿನಲ್ಲಿ ನೀರು ಬಂತು. ಎಡಗಿವಿ ತಾನಾಗಿಯೇ ಎರಡು ಸಲ ಅಲುಗಿತು. ಗಂಟಲಿನಲ್ಲಿ ಏನೋ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು, ಕೊನೆಗೆ ಇಳಿದ ಕಡೆಯೇ ಉಳಿಯಿತು.

"ಊಟ," ಅಂದ ದೊರೆ, ದನಿ ಸರಿಮಾಡಿಕೊಂಡು. "ಇದು ಊಟ. ಬೇರೆ ಏನೂ ಇಲ್ಲ. ಆ ಹುಡುಗ ನನ್ನ ಕೆಲಸ ಮಾಡ್ತಾನೆ. ಬಿಡು ಅವರನ್ನ."

"ಹೇಗಿದೆ ಸಾರ್?" ಎಂದು ಅಶ್ವತ್ಥಪ್ಪನವರು ಅನುಮಾನದಿಂದ ಕೇಳಿದರು.

"ನೀನು ತಿನ್ನು," ಅಂದ ದೊರೆ, ತಟ್ಟೆಯನ್ನು ಮುಂದೆ ತಳ್ಳಿ.

ಇಷ್ಟು ಜನರ ಮುಂದೆ ಇಲ್ಲ ಅನ್ನುವ ಹಾಗಿರಲಿಲ್ಲ. ಅಶ್ವತ್ಥಪ್ಪನವರು ತಿಂದರು. ತಿಂದು, ಯಾರ ಜೊತೆಗೂ ಮಾತಾಡದೆ, ನೇರವಾಗಿ ಗೇಟಿನ ಹತ್ತಿರ ನಡೆದು, ತಮ್ಮ ಹುಕುಮನ್ನು ತಾವೇ ಹರಿದು, ಹತ್ತಿರದಲ್ಲಿ ಕೂತಿದ್ದವನ ಮಜ್ಜಿಗೆ ಚೊಂಬನ್ನು ಕಸಿದುಕೊಂಡು ಗಟಗಟ ಕುಡಿದುಬಿಟ್ಟರು. ಜನ ಕೇಕೆ ಹಾಕಿತು. ಆಂಜಿನಪ್ಪ ಹೊರಗೆ ಬಂದ. ಅವನ ಹೆಂಡತಿ ಅಳುವುದನ್ನು ನಿಲ್ಲಿಸಿ, ಓಡಿ ಬಂದು, ಹತ್ತಿರ ಬಂದ ಮೇಲೆ ವಾಸನೆಗೆ ನಾಲ್ಕು ಮಾರು ದೂರ ನಿಂತು ನಕ್ಕಳು.

ಜನ ಚದುರಿದ ಮೇಲೆ ದೊರೆ ಮುನಿಸ್ವಾಮಪ್ಪನನ್ನು ಕಾರಿಗೆ ಕರೆದು ಕೂರಿಸಿಕೊಂಡ. ಕುಪ್ಪುಸ್ವಾಮಿ ಹಿಂದಿನ ಸೀಟಿನಲ್ಲಿ ಕೂತು, ಉಳಿದ ಚೀಜನ್ನು ಕಿಟಕಿಯಿಂದ ಹೊರಗೆ ಚಾಚಿ ಹಿಡಿದುಕೊಂಡ.

"ದೊರೆ," ಅಂದ ಮುನಿಸ್ವಾಮಪ್ಪ ನೆಲ ನೋಡುತ್ತ. "ನಾನು ಚೀಜು ಮಾಡ್ದೋನೇ ಅಲ್ಲ. ನೋಡ್ದೋನೂ ಅಲ್ಲ. ನೀವು ಕೇಳಿದ್ರಿ, ಊ ಅಂದ್ಬುಟ್ಟೆ. ಮುಲಾಮು ಅಂದ್ಕೊಂಡಿದ್ದೆ."

ದೊರೆ ಕಾರನ್ನು ರಸ್ತೆ ಪಕ್ಕ ನಿಲ್ಲಿಸಿಬಿಟ್ಟ. ಬೈಯುತ್ತಾನೆ ಎಂದು ಮುನಿಸ್ವಾಮಪ್ಪ ತಲೆ ತಗ್ಗಿಸಿದ. ನೋಡಿದರೆ ದೊರೆ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ನಗುತ್ತಿದ್ದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಮುನ್ಸಾಮಿ, ನಾನೂ! ನನ್ನ ಅಪ್ಪ ಗಣಿ ಆಳು. ಕಾರ್ನ್‌ವಾಲ್ ದೇಶ, ತವರದ ಗಣಿ. ನಮ್ಮ ಮನೇಲಿ ಸ್ಟಿಲ್ಟನ್ ಯಾರು ನೋಡ್ತಾನೆ? ಇಲ್ಲಿ ಬಂದ್ರೆ ಕ್ಲಬ್ಬಲ್ಲಿ ದೊಡ್ಡ ಮನುಷ್ಯರು ಕೇಳ್ತಾನೆ, 'ಪಾಸ್ಕೋ, ಸ್ಟಿಲ್ಟನ್ ಬಹಳ ಚೆನ್ನಾಗಿದೆ, ಅಲ್ವಾ?' ನಾನು 'ಬಹಳ ಚೆನ್ನಾಗಿದೆ' ಹೇಳ್ತಾನೆ. ಮೂವತ್ತು ವರ್ಷ! ಮೂವತ್ತು ವರ್ಷ ತಿಂತಾನೆ. ಒಂದು ದಿನ ಕೂಡ ನನಗೆ ಇಷ್ಟ ಇಲ್ಲ!"

ಹಿಂದಿನ ಸೀಟಿನಲ್ಲಿ ಕುಪ್ಪುಸ್ವಾಮಿಯ ಕೈಯಿಂದ ಚೀಜು ಜಾರಿ ಚರಂಡಿಗೆ ಬಿತ್ತು. ಇಪ್ಪತ್ತು ವರ್ಷ ಬಗ್ಗಿ ಬಡಿಸಿದವನು ಅವನು. "ಕಡವುಳೇ!" ಎಂದು ದೇವರನ್ನು ಕರೆದ.

"ಅಂಗಾರೆ ನಿಮ್ಗೆ ಏನಿಷ್ಟ ದೊರೆ?"

ದೊರೆ ನಗು ನಿಲ್ಲಿಸಿ ಕಣ್ಣೊರೆಸಿಕೊಂಡ. "ನನ್ನ ಅಮ್ಮ ಮಾಡ್ತಾನೆ. ಅಗಲ ಪಾತ್ರೇಲಿ ಹಾಲು. ಸಣ್ಣ ಬೆಂಕಿ, ಬಹಳ ಸಣ್ಣ. ಕುದೀಬಾರದು. ಬೆಳಿಗ್ಗೆಯಿಂದ ಸಾಯಂಕಾಲ ಸುಮ್ನೆ ಇರ್ತದೆ. ಮೇಲೆ ಬರ್ತದೆ… ದಪ್ಪ, ಹಳದಿ, ಬಂಗಾರ ತರ. ಅದನ್ನ ಚಮಚದಲ್ಲಿ ತೆಗೀತಾನೆ, ಬ್ರೆಡ್ಡಿಗೆ ಹಾಕ್ತಾನೆ, ಅದ್ರ ಮೇಲೆ ಕಪ್ಪು ಸಕ್ಕರೆ ಪಾಕ. ಆ ರುಚಿ…" ಅವನು ಕೈಯಾಡಿಸಿದ. "ಅದು ಇಲ್ಲಿ ಎಲ್ಲಿ ಸಿಗ್ತದೆ? ಅದು ಕಾರ್ನ್‌ವಾಲಲ್ಲಿ ಮಾತ್ರ."

ಮುನಿಸ್ವಾಮಪ್ಪ ಹುಬ್ಬು ಗಂಟಿಕ್ಕಿ ಕೂತಿದ್ದ. ಅವನ ತಲೆಯೊಳಗೆ ಅಪರೂಪಕ್ಕೆ ಒಂದು ನಿಜವಾದ ವಿಚಾರ ನಿಧಾನವಾಗಿ ಮೇಲೆ ಬರುತ್ತಿತ್ತು.

"ದೊರೆ," ಅಂದ. "ಕಾರು ನಮ್ಮೂರ ಕಡೀಕೆ ತಿರುಗ್ಸಿ."

ಎಮ್ಮೆಗುಂಟೆಗೆ ಕಾರು ಬಂದಾಗ ಚಿಕ್ಕವೆಂಕಟಮ್ಮ ಹಿತ್ತಿಲಲ್ಲಿ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ದೊರೆಯನ್ನು ಕಂಡು ಅವಳು ಗಾಬರಿಯಾಗಲಿಲ್ಲ. ಚೀಜು ಕೈಯಲ್ಲಿಲ್ಲದಿರುವುದನ್ನು ನೋಡಿ ಸಮಾಧಾನವಾಯಿತು. ಆಂಜಿನಪ್ಪ ಬಿಡುಗಡೆಯಾದ ಕತೆಯನ್ನು ಗಂಡ ಹೇಳಿ ಮುಗಿಸುವಷ್ಟರಲ್ಲಿ, ತಮ್ಮ ಸಿಕ್ಕಿಬಿದ್ದಿದ್ದ ಅನ್ನುವುದೇ ಗೊತ್ತಿಲ್ಲದಿದ್ದ ಅವಳು ಅವನನ್ನು ಒಂದು ಸಲ ನೋಡಿದಳು. ಆ ನೋಟಕ್ಕೆ ಲೆಕ್ಕ ಆಮೇಲೆ ಆಗಲಿ ಅನ್ನುವ ಅರ್ಥವಿತ್ತು.

"ದೊರೇಗೆ ಕೆನೆ ತೋರ್ಸು," ಅಂದ ಮುನಿಸ್ವಾಮಪ್ಪ ಮೆತ್ತಗೆ.

ಹಿತ್ತಿಲ ಮೂಲೆಯಲ್ಲಿ, ಕುಳ್ಳಿನ ಬೂದಿಬೆಂಕಿಯ ಮೇಲೆ, ಮಣ್ಣಿನ ಅಗಲ ಬಾಣಲಿಯಲ್ಲಿ ಎಮ್ಮೆ ಹಾಲು ಬೆಳಗಿನಿಂದ ಕಾಯುತ್ತಿತ್ತು. ಚಿಕ್ಕವೆಂಕಟಮ್ಮ ಕೈ ತೊಳೆದು ಬಂದು, ಮುಚ್ಚಿದ್ದ ತಟ್ಟೆ ಎತ್ತಿದಳು. ಒಂದು ಬೆರಳು ದಪ್ಪದ ಕೆನೆ, ಸುಕ್ಕು ಸುಕ್ಕಾಗಿ, ಅಂಚಿನಲ್ಲಿ ಹೊಂಬಣ್ಣಕ್ಕೆ ತಿರುಗಿ ಕಟ್ಟಿತ್ತು. ಹೊಗೆಯ ಜೊತೆಗೆ ಅದರ ಘಮ ಮೇಲೆದ್ದಿತು.

ದೊರೆ ಟೋಪಿ ತೆಗೆದ. ಮೂವತ್ತು ವರ್ಷ ಗಣಿಯಲ್ಲಿ ಸಾವು ನೋವು ಕಂಡವನು, ಕುಳ್ಳಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

ಚಿಕ್ಕವೆಂಕಟಮ್ಮ ಬಿಸಿ ರಾಗಿ ರೊಟ್ಟಿಯ ಮೇಲೆ ಕೆನೆಯನ್ನು ಹಾಗೇ ಹಾಳೆಯಂತೆ ಎತ್ತಿ ಹಾಸಿ, ಮೇಲೆ ಜೋನಿಬೆಲ್ಲ ಸುರಿದು ಕೊಟ್ಟಳು. ದೊರೆ ಒಂದು ತಿಂದ. ಇನ್ನೊಂದಕ್ಕೆ ಖಾಲಿ ಕೈಯನ್ನು ಮುಂದೆ ಚಾಚಿದ. ಎರಡನೆಯದು, ಮೂರನೆಯದು. ಗೋಡೆಯ ಮೇಲೆ ಮೊದಲು ಗಂಗರತ್ನಮ್ಮನ ತಲೆ, ಆಮೇಲೆ ಅರ್ಧ ಊರಿನ ತಲೆ ಎದ್ದವು.

"ಮುನ್ಸಾಮಿ!" ಅಂದ ದೊರೆ, ಗಡ್ಡಕ್ಕೆಲ್ಲ ಬೆಲ್ಲ ಮೆತ್ತಿಕೊಂಡು. "ನಾಳೆ ಕ್ಲಬ್ಬಲ್ಲಿ ಕಡೇಲಿ ಇದೇ ಕೊಡ್ತಾನೆ! ಇಷ್ಟು ವರ್ಷ ಯಾಕೆ ತರಲ್ಲ?"

"ನೀವು ಕೇಳ್ಲಿಲ್ಲವಲ್ಲ ದೊರೆ."

"ಕೇಳಿದ್ರೂ ತರ್ತಿರ್ಲಿಲ್ಲ," ಅಂದಳು ಚಿಕ್ಕವೆಂಕಟಮ್ಮ. "ಈವಯ್ಯಂಗೆ ಮನೇಲಿರೋದು ಒಂದು ಬಿಟ್ಟು ಬಾಕಿ ಎಲ್ಲಾ ಗೊತ್ತು."

"ಇದ್ರ ಹೆಸರು ಏನು ಅಮ್ಮಾ?" ಎಂದು ದೊರೆ ಭಕ್ತಿಯಿಂದ ಕೇಳಿದ.

ಉತ್ತರ ಹೇಳಲು ಚಿಕ್ಕವೆಂಕಟಮ್ಮ ಬಾಯಿ ತೆರೆಯುವ ಮೊದಲೇ ಮುನಿಸ್ವಾಮಪ್ಪ ಎದ್ದು ನಿಂತ. ಗೋಡೆಯ ಮೇಲೆ ಸಾಲಾಗಿದ್ದ ತಲೆಗಳನ್ನು ಒಮ್ಮೆ ನೋಡಿದ. ಗಂಟಲು ಸರಿಮಾಡಿಕೊಂಡ.

"ಇದು," ಎಂದು ಶುರುಮಾಡಿದ, "ಮೊದ್ಲು ಉಟ್ಟಿದ್ದು ಎಲ್ಲಪ್ಪಾ ಅಂದ್ರೆ…"

ಚಿಕ್ಕವೆಂಕಟಮ್ಮ ನಾಲ್ಕನೆಯ ರೊಟ್ಟಿಯನ್ನು ಕೆನೆಯ ಸಮೇತ ಮಡಿಸಿ ಅವನ ಬಾಯಿಗೆ ತುರುಕಿದಳು. ದೊಡ್ಡ ರೊಟ್ಟಿ. ಅದನ್ನು ಅಗಿದು ನುಂಗುವಷ್ಟರಲ್ಲಿ ಗಂಗರತ್ನಮ್ಮ ದೊರೆಗೆ ಬಿಡಿಸಿ ಹೇಳಿಯಾಗಿತ್ತು, "ಕೆನೆ, ಸಾಮಿ. ಬರೀ ಕೆನೆ."